ನನ್ನ ನಂತರ ಬಂದವರೆಲ್ಲ ಜನಸಂಖ್ಯೆ

ಐದು ಜನ ಕೂರುವ ಕಾರಿನಲ್ಲಿ ಒಬ್ಬರೇ ಕುಳಿತು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಎಂಥವರಿಗೂ ಜ್ಞಾನೋದಯವಾಗುತ್ತದೆ: ‘ಈ ದೇಶದಲ್ಲಿ ಜನ ಜಾಸ್ತಿಯಾದರು!’

ನಮ್ಮ ಅಪಾರ್ಟ್‌ಮೆಂಟಿನ ಏಳನೇ ಮಹಡಿಯ ಹಿರಿಯರಿಗೆ ಈ ಜ್ಞಾನ ದಿನಕ್ಕೆರಡು ಬಾರಿ ಆಗುತ್ತದೆ. ಅವರು ಶಿರಸಿ ಕಡೆಯಿಂದ ಬೆಂಗಳೂರಿಗೆ ಬಂದದ್ದು 1998ರಲ್ಲಿ. ಅವರ ಲೆಕ್ಕದಲ್ಲಿ ಊರು ಭರ್ತಿಯಾದದ್ದು 1999ರಲ್ಲಿ. ಬಸ್ಸು ಹತ್ತುವ ತನಕ ‘ಸ್ವಲ್ಪ ಒಳಗೆ ಸರಿಯಿರಿ’ ಎನ್ನುವವನು, ಹತ್ತಿದ ಮೇಲೆ ‘ಇನ್ನೆಲ್ಲಿ ಜಾಗ?’ ಎನ್ನುತ್ತಾನಲ್ಲ, ಹಾಗೆ.

ಊರಿನಲ್ಲಿ ಎಂಟಂಕಣದ ಮನೆಯಿದೆ. ವಾಸಕ್ಕೆ ತಾಯಿ, ಒಂದು ಆಕಳು ಮತ್ತು ಸಿಸಿಟಿವಿ ಕ್ಯಾಮೆರಾ. 2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ, ಉತ್ತರ ಕನ್ನಡದಲ್ಲಿ 140. ‘ಹಾಗಾದರೆ ಊರಿಗೇ ಹೋಗಬಹುದಲ್ಲ?’ ಎಂದೆ. ‘ಅಯ್ಯೋ, ಅಲ್ಲಿ ಮನುಷ್ಯರೇ ಇಲ್ಲವಲ್ಲ!’ ಎಂದು ಬೆಚ್ಚಿದರು.

ಪಾಪ, ಅವರ ಭಯವೂ ಸುಳ್ಳಲ್ಲ. ಎದೆ ಹಿಡಿದುಕೊಂಡರೆ ದೊಡ್ಡ ಆಸ್ಪತ್ರೆಗೆ ದೂರದೂರಿಗೆ ಓಡಬೇಕು. ಮಂಡ್ಯದ ಕಡೆಯ ಅವಿವಾಹಿತ ಯುವಕರು 2023ರಲ್ಲಿ ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೋದರು. ಎಕರೆಗಟ್ಟಲೆ ಕಬ್ಬಿನ ಗದ್ದೆ ಇದ್ದವನಿಗೆ ಇಲ್ಲದ ಹೆಣ್ಣು, ಒಂದು ಕೋಣೆಯ ಬಾಡಿಗೆ ಮನೆಯವನಿಗೆ ಸಿಗುತ್ತದೆ. ಕೋಣೆ ಬೆಂಗಳೂರಿನಲ್ಲಿರಬೇಕು, ಅಷ್ಟೆ.

ಇಷ್ಟಾಗಿಯೂ ತಪ್ಪು ಹೆರುವವರದು. 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದ ಸರ್ಕಾರ ನಮ್ಮ ಮೈಸೂರಿನದು. ನಾವು ಎಷ್ಟು ವಿಧೇಯರೆಂದರೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇದ್ದಷ್ಟೇ ಜನ ಉಳಿಯಬೇಕಾದರೂ 2.1 ಬೇಕು. ಅತ್ತ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲಿ ‘ಹೆಚ್ಚು ಮಕ್ಕಳನ್ನು ಮಾಡಿಕೊಳ್ಳಿ’ ಎಂದು ಕರೆ ಕೊಟ್ಟರು. ಏಳನೇ ಮಹಡಿಯವರು ಪೇಪರ್ ಮಡಚಿ, ‘ಎಲ್ಲ ಹುಟ್ಟಿ ಇಲ್ಲಿಗೇ ಬರುತ್ತಾರೆ’ ಎಂದರು. ಇವರ ಮಗನೂ ಸೊಸೆಯೂ ಹೋಗಿರುವುದು ಸಿಂಗಪುರಕ್ಕೆ. ಅಲ್ಲಿ ಚದರ ಕಿಲೋಮೀಟರಿಗೆ ಏಳು ಸಾವಿರಕ್ಕೂ ಹೆಚ್ಚು ಜನ. ಆದರೆ ಅದು ಜನಸಂಖ್ಯೆಯಲ್ಲ, ಅಭಿವೃದ್ಧಿ.

ಮೊನ್ನೆ ಸಂಜೆ ಲಿಫ್ಟಿನೊಳಗೆ ಏಳೆಂಟು ಜನ ಇದ್ದೆವು. ಬಾಗಿಲು ಮುಚ್ಚುವಷ್ಟರಲ್ಲಿ ಇವರು ಕಾಲಿಟ್ಟರು. ಲಿಫ್ಟು ಕೀಂ ಎಂದು ಕೂಗಿಕೊಂಡಿತು. ಇವರು ಸುತ್ತ ನೋಡಿ, ಎಲ್ಲರಿಗಿಂತ ಮೊದಲೇ ಬಂದು ಮೂಲೆಯಲ್ಲಿ ನಿಂತಿದ್ದ ಡೆಲಿವರಿ ಹುಡುಗನ ಮೇಲೆ ಕಣ್ಣು ನಿಲ್ಲಿಸಿದರು. ಅವನು ಸುಮ್ಮನೆ ಇಳಿದು ಮೆಟ್ಟಿಲು ಹಿಡಿದ. ‘ಎಲ್ಲಿಂದ ಬರುತ್ತಾರೋ ಇಷ್ಟೊಂದು ಜನ’ ಎಂದು ಇವರು ನಿಟ್ಟುಸಿರುಬಿಟ್ಟರು.

ಅವನ ಕೈಯಲ್ಲಿದ್ದದ್ದು ಇವರ ಮನೆಯ ಮಸಾಲೆದೋಸೆ. ತಣ್ಣಗಾಗಿ ಬಂತೆಂದು ರಾತ್ರಿ ಒಂದೇ ಸ್ಟಾರ್ ಕೊಟ್ಟರಂತೆ.