ಸತ್ಯಾಂಶ: ಕಾಡಲ್ಲಿ ಜನ ಇದ್ರೆ ಕಾಡು ಹಾಳಾಗುತ್ತಾ?

'ಆದಿವಾಸಿಗಳಿಗೆ ಹಕ್ಕು ಕೊಟ್ಟರೆ ಕಾಡನ್ನು ಸುಟ್ಟು, ಮಾರಿಬಿಡುತ್ತಾರೆ.' ಬೇಸಿಗೆ ಬಂತೆಂದರೆ ಸಾಕು, ಉರಿಯುವ ಬೆಟ್ಟದ ಫೋಟೊ ಜೊತೆ ಈ ಮಾತು ಗ್ರೂಪುಗಳಲ್ಲಿ ಓಡಾಡುತ್ತದೆ. ಕಳಿಸುವವರಿಗೂ ಕಾಡಿನ ಮೇಲೆ ಪ್ರೀತಿಯೇ. ಆದರೆ ಮಾತು ತಪ್ಪು.

ಮೊದಲು ಮಾರಾಟದ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಭೂಮಿ ಮಕ್ಕಳಿಗೆ ಹೋಗಬಹುದು, ಮಾರುವಂತಿಲ್ಲ.

ಇನ್ನು ಬೆಂಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಲ್ಲಿ 'ತರಗು ಬೆಂಕಿ' ಅಂತ ಒಂದು ರೂಢಿ ಇತ್ತು. ಬೇಸಿಗೆ ಬಲಿಯುವ ಮುಂಚೆಯೇ ಒಣ ತರಗೆಲೆಗೆ ಸಣ್ಣ ಬೆಂಕಿ. ನೆಲಮಟ್ಟದಲ್ಲೇ ಸರಿದು ಆರಿಹೋಗುವಂಥದ್ದು. ಹೀಗೆ ಮಾಡಿದರೆ ಮುಂದೆ ದೊಡ್ಡ ಕಿಚ್ಚಿಗೆ ಸೌದೆ ಉಳಿಯುವುದಿಲ್ಲ. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು, ಮುಂದೆ ತರಗು ಬೆಂಕಿಯೂ ನಿಂತಿತು. ಆಮೇಲೆ ಲಂಟಾನ ಅನ್ನೋ ಹೊರಗಿನ ಪೊದೆಗಿಡ ಜಾಸ್ತಿಯಾಯಿತು, ನೆಲ್ಲಿಮರಕ್ಕೆ ರಸ ಹೀರುವ ಬಂದಳಿಕೆ ಹತ್ತಿತು ಅನ್ನುತ್ತಾರೆ ಹಿರಿಯ ಸೋಲಿಗರು. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಜೇನು ಕೀಳುವಾಗಲೂ ಅಷ್ಟೇ, ಪೂರ್ತಿ ಬಳಿಯುವುದಿಲ್ಲ, ಹುಳುವಿಗೆ ಒಂದಿಷ್ಟು ಬಿಡುತ್ತಾರೆ. 2011ರಲ್ಲಿ ಅದೇ ಕಾಯ್ದೆಯಡಿ ಅವರ ಸಮುದಾಯ ಹಕ್ಕಿಗೆ, ಅಂದರೆ ಕಾಡನ್ನು ಊರವರೆಲ್ಲ ಸೇರಿ ಬಳಸುವ ಹಕ್ಕಿಗೆ, ಮಾನ್ಯತೆ ಸಿಕ್ಕಿತು. ಹುಲಿಗಳು ಈಗಲೂ ಅಲ್ಲಿವೆ.

ಹಾಗಂತ ಎಲ್ಲ ಕಡೆ ಎಲ್ಲವೂ ಸರಿ ಇದೆ ಅಂತಲ್ಲ. ಊರೂರಿಗೂ ಲೆಕ್ಕ ಬೇರೆ.

ಮುಂದಿನ ಸಲ ಇಂಥದ್ದು ಬಂದರೆ ಊರು, ತಾರೀಕು ಇದೆಯಾ ನೋಡಿ. ಫೋಟೊವನ್ನು ಇಮೇಜ್ ಸರ್ಚ್‌ಗೆ ಹಾಕಿ. ಎಷ್ಟೋ ಸಲ ಅದು ಬೇರೆ ದೇಶದ್ದೇ ಆಗಿರುತ್ತದೆ. ಹಳೆಯ, ಹೊಸ ಉಪಗ್ರಹ ಚಿತ್ರಗಳನ್ನು ಫೋನಿನಲ್ಲೇ ಪಕ್ಕಪಕ್ಕ ಇಟ್ಟು ನೋಡಬಹುದು. ಕಾಯ್ದೆಯೂ ಉದ್ದವೇನಿಲ್ಲ, ನಾಲ್ಕನೇ ಸೆಕ್ಷನ್ ಓದಿದರೆ ಮಾರಾಟದ ಮಾತು ಅಲ್ಲೇ ಇತ್ಯರ್ಥವಾಗುತ್ತದೆ.