ಬಾಸ್ ಹಿಡಿಯುವ ದಾರ

ಆ ಮೆಸೇಜ್ ಹೋಗಬೇಕಾಗಿದ್ದು ಅಟ್ಲಾಂಟಾದಲ್ಲಿರುವ ನಮ್ಮ ಅಕ್ಕನ ಮಗನಿಗೆ. ಹೋಗಿದ್ದು ಆಫೀಸಿನ ವಾಟ್ಸಾಪ್ ಗ್ರೂಪಿಗೆ.

"ಬಾಸ್ ಹಿಡಿಯೋಕೆ ಯಾವ ದಾರ ಒಳ್ಳೇದು? ಕಣ್ಣಿಗೆ ಕಾಣದೇ ಇರೋದೋ, ಎಷ್ಟು ಒದ್ದಾಡಿದ್ರೂ ಹರಿಯದೇ ಇರೋದೋ?"

ಬಾಸ್ ಅಂದರೆ ಅಮೆರಿಕದ ಕೆರೆಗಳಲ್ಲಿರುವ ದೊಡ್ಡ ಬಾಯಿಯ ಮೀನು. ಆದರೆ ಕನ್ನಡದಲ್ಲಿ ಬರೆದರೆ ಮೀನಿಗೂ ಮ್ಯಾನೇಜರಿಗೂ ಒಂದೇ ಅಕ್ಷರ. ನಾನು ಅಳಿಸುವಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು. ಅದರಲ್ಲಿ ಬಾಸೂ ಒಬ್ಬರು. ಅವರು ಏನೂ ಬರೆಯಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಇದಕ್ಕೆಲ್ಲ ಮೂಲ ಆ ಹುಡುಗನೇ. ಶಿವಮೊಗ್ಗಕ್ಕೆ ಬಂದವನು ಮೀನು ಹಿಡಿಯುವ ತನ್ನ ಹಳೇ ರಾಡು, ದಾರ ಸುತ್ತುವ ರೀಲು ನಮ್ಮನೆಯಲ್ಲಿ ಬಿಟ್ಟು ಹೋಗಿದ್ದ. ಸುಮ್ನೆ ಇಟ್ಟರೆ ತುಕ್ಕು ಹಿಡಿಯುತ್ತದಲ್ಲ ಅಂತ ತೀರ್ಥಹಳ್ಳಿ ಹತ್ತಿರದ ನನ್ನ ಅತ್ತೆ ಮನೆಗೆ ಒಯ್ದೆ. ಅಲ್ಲಿ ತೋಟದ ಕೆಳಗೊಂದು ಕೆರೆ ಇದೆ. ತುಂಗಾ ಹೊಳೆಯೂ ದೂರವಿಲ್ಲ. ಆದರೆ ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಬಹುದೇ ಹೊರತು ಗಾಳ ಹಾಕುವ ಹಾಗಿಲ್ಲ. ಇಷ್ಟಿಷ್ಟುದ್ದದ ಮೀನು ಮೆಟ್ಟಿಲ ಬುಡಕ್ಕೇ ಬಂದು ಬಾಯಿ ತೆರೆಯುತ್ತವೆ. ಅವಕ್ಕೂ ಕಾನೂನು ಗೊತ್ತಿರಬೇಕು.

ರೀಲಿನಲ್ಲಿ ಇದ್ದಿದ್ದು ಹಳೇ ನೈಲಾನ್ ದಾರ. ಬೀಸಿ ಎಸೆದೆ. ದಾರ ನೆಟ್ಟಗೆ ಹೋಗುವ ಬದಲು ಚಕ್ಕುಲಿ ಚಕ್ಕುಲಿಯಾಗಿ ಹೊರಬಂದು ನನ್ನ ಕಾಲಿಗೇ ಸುತ್ತಿಕೊಂಡಿತು. ವಿಡಿಯೋ ಕಾಲಿನಲ್ಲಿ ಅಳಿಯರಾಯ ನಕ್ಕ. "ನೈಲಾನಿಗೆ ನೆನಪು ಜಾಸ್ತಿ ಮಾಮ. ರೀಲಿನಲ್ಲಿ ಹೇಗೆ ಸುತ್ತಿಕೊಂಡಿತ್ತೋ ಹಾಗೇ ಇರುತ್ತೆ. ಎಳೆದ್ರೆ ಹಿಗ್ಗುತ್ತೆ ಬೇರೆ. ದೂರದಲ್ಲಿ ಮೀನು ಕಚ್ಚಿದ್ರೆ ನಿಮ್ಮ ಎಳೆತ ಅರ್ಧ ದಾರಿಯಲ್ಲೇ ಕರಗಿ ಹೋಗುತ್ತೆ. ಫ್ಲೋರೋಕಾರ್ಬನ್ ಹಾಕಿ."

ಹಾಕಿದೆ. ಬೆಳಕು ನೀರಿನಲ್ಲಿ ಎಷ್ಟು ಬಾಗುತ್ತದೋ ಈ ದಾರದಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಾಗುತ್ತದಂತೆ. ಹಾಗಾಗಿ ನೀರೊಳಗೆ ಮೀನಿಗೆ ಸುಲಭಕ್ಕೆ ಕಾಣುವುದಿಲ್ಲ. ಮೀನಿನ ವಿಷಯ ಹಾಗಿರಲಿ, 49 ವರ್ಷದ ನನಗೆ ನೀರಿನ ಹೊರಗೇ ಕಾಣಲಿಲ್ಲ. ಗಾಳದ ತೂತಿಗೆ ಪೋಣಿಸಲು ಅತ್ತೆಯ ಕನ್ನಡಕ ಬೇಕಾಯಿತು. ಕಷ್ಟಪಟ್ಟು ಗಂಟು ಹಾಕಿ ಎಳೆದರೆ ಪಟ್ ಅಂತ ಹರಿಯಿತು. ಒಣ ಗಂಟು ಬಿಗಿದರೆ ಉಜ್ಜಿ ಬಿಸಿಯಾಗಿ ದಾರ ಸೋಲುತ್ತದೆ, ಮೊದಲು ಎಂಜಲು ಹಚ್ಚಬೇಕು ಅಂದ. ನನ್ನ ಬಾಯಲ್ಲಿ ಎಲೆಅಡಿಕೆ ಇತ್ತು. ಮೀನಿಗೆ ಕಾಣಬಾರದ ದಾರದ ತುದಿಗೆ ಕೆಂಪು ಗಂಟು ಬಿತ್ತು.

ಅದೂ ಕೆಲಸಕ್ಕೆ ಬರಲಿಲ್ಲ. ನಮ್ಮ ಕೆರೆಯಲ್ಲಿ ಬಾಸ್ ಇಲ್ಲ, ಆದರೆ ಅದೇ ಬುದ್ಧಿಯ ಮುರಲ್ ಇದೆ. ಹಾವಿನಂಥ ತಲೆ, ಕಳೆಯೊಳಗೆ ಅಡಗಿ ಕೂತು ಕಪ್ಪೆ ಬಂದರೆ ಗಬಕ್ಕನೆ ಹಿಡಿಯುವ ಜಾತಿ. ಅದಕ್ಕೆ ರಬ್ಬರ್ ಕಪ್ಪೆಯನ್ನು ನೀರಿನ ಮೇಲೆ ಕುಣಿಸಬೇಕು. ಫ್ಲೋರೋಕಾರ್ಬನ್ ನೀರಿಗಿಂತ ಭಾರ. ತಾನೂ ಮುಳುಗಿ ಕಪ್ಪೆಯ ಮೂತಿಯನ್ನೂ ಕೆಳಗೆಳೆಯುತ್ತದೆ. ತಿಳಿನೀರಲ್ಲಿ, ಆಳದಲ್ಲಿ ಅದರ ಆಟ. ಕಳೆ ತುಂಬಿದ ಕೆರೆಗೆ ಬ್ರೇಡ್ ಅನ್ನುವ ಇನ್ನೊಂದು ದಾರ ಬೇಕು ಅಂದ. ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ ಅಂದರೆ, "ಕೆರೆ ಹೇಗಿದೆ ಅಂತ ನೀವು ಮೊದಲೇ ಹೇಳಬೇಕಿತ್ತಲ್ವಾ ಮಾಮ?"

ಇಷ್ಟಕ್ಕೂ ಬಾಸ್ ಮೀನಿನ ದಾಖಲೆ ಏನು ಗೊತ್ತಾ? 1932ರಲ್ಲಿ ಈ ಹುಡುಗ ಇರುವ ಜಾರ್ಜಿಯಾದಲ್ಲೇ ಜಾರ್ಜ್ ಪೆರಿ ಅನ್ನುವವನು ಹಿಡಿದಿದ್ದು. 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕೆಜಿಯ ಮೇಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬ ಅದನ್ನು ಸರಿಗಟ್ಟಿದ. ಪೆರಿ ಹಿಡಿದ ಕಾಲಕ್ಕೆ ನೈಲಾನ್ ಇನ್ನೂ ಹುಟ್ಟಿರಲೇ ಇಲ್ಲ. ಮನೆಯವರೆಲ್ಲ ಸೇರಿ ಆ ಮೀನನ್ನು ಊಟಕ್ಕೆ ಮಾಡಿಕೊಂಡರಂತೆ. ನನಗೆ ಆತನ ಮೇಲೆ ಗೌರವ ಬಂದಿದ್ದೇ ಇದನ್ನು ಕೇಳಿದ ಮೇಲೆ.

ಬ್ರೇಡ್ ಅಂದರೆ ಸಣ್ಣ ಎಳೆಗಳನ್ನು ಜಡೆಯ ಹಾಗೆ ಹೆಣೆದ ದಾರ. ಹಿಗ್ಗುವುದಿಲ್ಲ, ತೇಲುತ್ತದೆ, ಹೊಲಿಗೆ ದಾರದಷ್ಟು ಸಪೂರ ಇದ್ದರೂ 30 ಪೌಂಡ್ ತಡೆಯುತ್ತದೆ. ನೇರ ರೀಲಿಗೆ ಸುತ್ತಿದೆ. ಎಷ್ಟು ತಿರುಗಿಸಿದರೂ ದಾರ ಒಳಗೆ ಬರಲೊಲ್ಲದು. ರೀಲಿನ ಸ್ಕ್ರೂ ಎಲ್ಲ ಬಿಗಿದು, ಬಿಚ್ಚಿ, ಸೀಮೆಎಣ್ಣೆ ಹಾಕಿದ ಮೇಲೆ ಗೊತ್ತಾಯಿತು: ಬ್ರೇಡಿಗೆ ನಯ ಜಾಸ್ತಿ, ಇಡೀ ಸುರುಳಿಯೇ ಒಳಗೊಳಗೆ ಜಾರುತ್ತಿತ್ತು. ರೀಲಿಗೆ ಮೊದಲು ನಾಲ್ಕು ಸುತ್ತು ನೈಲಾನ್ ಹಾಕಿ ಅದರ ಮೇಲೆ ಸುತ್ತಬೇಕಿತ್ತು. ಆ ನೆನಪಿನ ಶಕ್ತಿಯ ನೈಲಾನನ್ನು ಕಸದ ಬುಟ್ಟಿಯಿಂದ ಹೆಕ್ಕಿ ತಂದೆ.

ಮೊದಲ ಎಸೆತ ಅಡಿಕೆ ಮರಕ್ಕೆ ಹೋಯಿತು. ಅಡಿಕೆ ಕೊನೆಗೆ ಸಿಕ್ಕಿಕೊಂಡ ಕಪ್ಪೆ ಜಪ್ಪಯ್ಯ ಅಂದರೂ ಬರಲಿಲ್ಲ. ದಾರವನ್ನು ಕೈಗೆ ಸುತ್ತಿ ಎಳೆದೆ. ಅದು ಬೆರಳನ್ನು ಕೊಯ್ದಿತೇ ಹೊರತು ತಾನು ಹರಿಯಲಿಲ್ಲ. ಅತ್ತೆ ದೋಟಿ ತರಿಸಿ, ಕೊನೆಯ ಸಮೇತ ಕಪ್ಪೆಯನ್ನು ಇಳಿಸಿದರು. ವಾಟೆಹುಳಿ ಹಾಕಿ ಮೀನು ಸಾರಿನ ಖಾರ ಕಡೆದಿಟ್ಟವರು ಹಸಿ ಅಡಿಕೆ ಕೊನೆ ನೋಡಿ, "ಇದಕ್ಕೂ ಒಗ್ಗರಣೆ ಹಾಕ್ಲಾ ಅಳಿಯಂದ್ರೇ?" ಅಂದರು.

ನಾನು ಆ ಮೆಸೇಜ್ ಕಳಿಸಿದ್ದು ಇಷ್ಟೆಲ್ಲ ಆಗಿ, ಬ್ರೇಡೋ ಫ್ಲೋರೋವೋ ಒಂದು ತೀರ್ಮಾನ ಆಗಿಬಿಡಲಿ ಅಂತ.

ಸೋಮವಾರ ಬಾಸ್ ಒಳಗೆ ಕರೆದರು. ಬಾಗಿಲು ಹಾಕಿಕೊಳ್ಳಿ ಅಂದರು. ನಾನು ಮೀನಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಕುಂದಾಪುರದ ಕಡೆಯವರು. ಗಾಳ ಹಾಕದೆ ಹದಿನೈದು ವರ್ಷ ಆಯ್ತು ನೋಡಿ. ಭಾನುವಾರ ನಾನೂ ಬರ್ಲಾ?" ಅಂದರು.

ಬಂದರು. ಬೆಳಗಿನ ಮಂಜು ಇನ್ನೂ ಕೆರೆಯ ಮೇಲಿತ್ತು. ಕಳೆಯ ನಡುವೆ ಏನೋ ಮಿಸುಕಿತು. ನಾನು ರಾಡನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆದೆ. ಕಪ್ಪೆ ಮುಂದೆ ಹೋಗಲಿಲ್ಲ. ಹಿಂದೆಯೇ ಯಾವುದೋ ಭಾರೀ ವಸ್ತುವನ್ನು ಕಚ್ಚಿತು. ಬ್ರೇಡ್ ಹಿಗ್ಗುವುದಿಲ್ಲವಲ್ಲ, ಪ್ರತಿ ಒದ್ದಾಟವೂ ಅಂಗೈಗೇ ಬಂತು. ಬೂಟ್ಸಿನ ದಾರ ಕಟ್ಟಿಕೊಳ್ಳಲು ಬಾಸ್ ಬಗ್ಗಿದ್ದರು.

ರಬ್ಬರ್ ಕಪ್ಪೆಯ ಮುಳ್ಳು ಅದರ ಮೈಗೆ ಒತ್ತಿಕೊಂಡಿರುತ್ತದೆ, ಕಳೆಗೆ ಸಿಗುವುದಿಲ್ಲ. ಪ್ಯಾಂಟಿನ ಹಿಂದಿನ ಜೇಬಿಗೆ ಸಿಗುತ್ತದೆ. ಎರಡು ಮುಳ್ಳೂ ಸಿಕ್ಕಿದ್ದವು. ಬಿಡಿಸಲು ಹೋದರೆ ಇನ್ನೂ ಒಳಗೆ ಹೋದವು. ಹಲ್ಲಿನಲ್ಲಿ ಕಚ್ಚಿದೆ, ದಾರ ಹರಿಯಲಿಲ್ಲ. ಉಗುರು ಕಟರ್ ಅದನ್ನು ಜಗಿಯಿತು, ಕತ್ತರಿಸಲಿಲ್ಲ. ಉಳಿದಿದ್ದು ಒಂದೇ, ಮನೆಗೆ ಹೋಗಿ ಅತ್ತೆಯ ಅಡಕತ್ತರಿ ಹುಡುಕುವುದು.

ತೋಟದ ದಾರಿಯಲ್ಲಿ ಬಾಸ್ ಮುಂದೆ, ರಾಡು ಹಿಡಿದು ನಾನು ಹಿಂದೆ. ಸಂಕ ದಾಟುವಾಗ ಅವರು ಆ ಕಡೆ ಹೋಗುವ ತನಕ ದಾರ ಸಡಿಲ ಬಿಟ್ಟೆ. ಏರು ಹತ್ತುವಾಗ ಸುತ್ತಿಕೊಂಡೆ. ಜಗಲಿಯ ಮೇಲೆ ಹೆಂಡತಿ ಅಡಿಕೆ ಸುಲಿಯುತ್ತಾ ಕೂತಿದ್ದಳು. ರಾಡಿನ ತುದಿ ಮಾತ್ರ ಕಂಡಿತೇನೋ, ಒಳಗೆ ಕೂಗಿ ಹೇಳಿದಳು: "ಅಮ್ಮಾ, ಒಲೆ ಹಚ್ಚು! ಇವರಿಗೆ ಇವತ್ತು ಬಾಸ್ ಸಿಕ್ಕಿರೋ ಹಾಗಿದೆ!"