ಮೆಷಿನ್ ಬರುವ ಸುದ್ದಿ ಕೆಲಸಗಾರರಿಗೆ ಮೊದಲೇ ಗೊತ್ತಾಗಬೇಕೇ?

ಜನರ ಬದಲು ಮೆಷಿನ್ ತರುವ ಧಣಿ ಆರು ತಿಂಗಳು ಮೊದಲೇ ಹೇಳಬೇಕೇ? ಕೆಲಸ ಹೋದವರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಬದಲು ಒಂದು ತಿಂಗಳ ಸಂಬಳ ಸಿಗಬೇಕೇ? ಕೇರಳದ ಗಡಿಯಲ್ಲಿರುವ ಮಂಜೇಶ್ವರ ಕಡೆಯ, ಗೇರುಬೀಜದ ಕೆಲಸ ಬಲ್ಲ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ

ಅಮ್ಮ 18 ವರ್ಷ ಬೀಜದ ಫ್ಯಾಕ್ಟರಿಗೆ ಹೋದರು. ಮಡಿಲಲ್ಲಿ ತಟ್ಟೆ, ಕೈಯಲ್ಲಿ ಸಣ್ಣ ಚೂರಿ. ಕೆಂಪು ಸಿಪ್ಪೆ ಪೂರ್ತಿ ಬಿಡಬೇಕು, ಬೀಜ ತುಂಡಾಗಬಾರದು. ತುಂಡಾದರೆ ಬೆಲೆ ಇಳಿಯುತ್ತದೆ. ಒಂದು ಪೌಂಡಿಗೆ 300ರಿಂದ 320 ಬೀಜ ತೂಗಿದರೆ ಅದು ‘320’ ಗ್ರೇಡ್. ಅಮ್ಮ ನಾಲ್ಕು ಬೀಜ ಅಂಗೈಯಲ್ಲಿಟ್ಟು ನೋಡಿಯೇ ಗ್ರೇಡ್ ಹೇಳುತ್ತಿದ್ದರು.

ಒಂದು ಸೋಮವಾರ ಹೋದಾಗ ಅವರು ಕೂರುವ ಬೆಂಚೇ ಇರಲಿಲ್ಲ. ಅಲ್ಲಿ ಸಿಪ್ಪೆ ತೆಗೆಯುವ ಮೆಷಿನ್ ನಿಂತಿತ್ತು. “ಅಕ್ಕ, ಇನ್ನು ಬರುವುದು ಬೇಡ. ಬೇಕಾದರೆ ಹೇಳಿ ಕಳಿಸ್ತೇವೆ” ಅಂದರು ಸೂಪರ್‌ವೈಸರ್.

ಮೆಷಿನ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ, ಅಲ್ವಾ? ಆರ್ಡರ್ ಕೊಡಬೇಕು, ಸಾಲ ಆಗಬೇಕು, ಕರೆಂಟಿನ ಲೋಡ್ ಹೆಚ್ಚಿಸಬೇಕು. ಬ್ಯಾಂಕಿನವರಿಗೆ ಗೊತ್ತಿತ್ತು, ವಯರಿಂಗ್ ಮಾಡಿದ ಹುಡುಗನಿಗೂ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದಷ್ಟೇ ನಾವು ಮನೆ ರಿಪೇರಿಗೆ ಸೊಸೈಟಿಯಲ್ಲಿ ಸಾಲ ಮಾಡಿದ್ದೆವು. ಮೊದಲೇ ತಿಳಿದಿದ್ದರೆ ಆ ಸಾಲ ಖಂಡಿತ ಮಾಡುತ್ತಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. ಮೆಷಿನ್ ತಂದು ಜನ ಕಡಿಮೆ ಮಾಡುವುದಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು. ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ. ಸೇವೆಯ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. 2025ರ ನವೆಂಬರ್ 21ರಂದು ಅದರ ಬದಲು ಹೊಸ ಕಾನೂನು, ಕೈಗಾರಿಕಾ ಸಂಬಂಧಗಳ ಸಂಹಿತೆ, ಜಾರಿಗೆ ಬಂದಮೇಲೂ ಇವು ಉಳಿದಿವೆ. ಬೇರೆ ಕೆಲಸ ಕಲಿಯಲು ಇನ್ನೂ 15 ದಿನದ ಸಂಬಳ ಸೇರಿದೆ. ದಿನಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೂ 18 ವರ್ಷಕ್ಕೆ 1,35,000 ರೂಪಾಯಿ ಪರಿಹಾರ. ಐವತ್ತು ದಾಟಿದ ಹೆಂಗಸಿಗೆ ಬೇರೆ ಕೆಲಸ ಸಿಗುವವರೆಗೆ ಅದು ಎಷ್ಟು ದಿನ ಬಂದೀತು? ಅದಕ್ಕೇ ಒಂದು ತಿಂಗಳ ಲೆಕ್ಕ ಬೇಕು ಅನ್ನುವುದು.

ಅಮ್ಮನಿಗೆ ಅದೂ ಸಿಗಲಿಲ್ಲ. ಮಲಯಾಳದಲ್ಲಿದ್ದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅಮ್ಮ ಕನ್ನಡ ಶಾಲೆಯಲ್ಲಿ ಓದಿದವರು. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ‘ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ, ಏನೂ ಬಾಕಿ ಇಲ್ಲ’ ಎಂದಿತ್ತು ಅದರಲ್ಲಿ. ತಾನಾಗಿ ಬಿಟ್ಟವರಿಗೆ ಈ ಪರಿಹಾರ ಇಲ್ಲ. ಕೇರಳದ 1969ರ ಭಾಷಾ ಕಾಯ್ದೆ ಪ್ರಕಾರ ನಾವು ಇಲ್ಲಿಯ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಫ್ಯಾಕ್ಟರಿಯ ಕಾಗದವೂ ಕನ್ನಡದಲ್ಲಿ ಇರಬೇಕು ಅನ್ನುವುದು ನನ್ನ ಬೇಡಿಕೆ. ಓದಲು ಬಾರದ ನೋಟಿಸ್ ಆರು ತಿಂಗಳು ಮೊದಲು ಬಂದರೂ ಏನು ಪ್ರಯೋಜನ?

ವಿರೋಧ

ನಾನು ಸಣ್ಣ ಬೀಜದ ಘಟಕ ನಡೆಸುವವನು. ಮೇಲೆ ಬರೆದ ತಂಗಿಯ ಅಮ್ಮನಿಗೆ ಆದದ್ದು ಅನ್ಯಾಯವೇ. ಕನ್ನಡದಲ್ಲಿ ನೋಟಿಸ್ ಬೇಕೆಂಬುದನ್ನು ಒಪ್ಪುತ್ತೇನೆ, ಇರುವ 15 ದಿನದ ಪರಿಹಾರವನ್ನೂ ಒಪ್ಪುತ್ತೇನೆ. ನನ್ನ ತಕರಾರು ಆರು ತಿಂಗಳ ನೋಟಿಸ್ ಮತ್ತು ಎರಡು ಪಟ್ಟು ಪರಿಹಾರಕ್ಕೆ.

ನಮ್ಮ ಹಸಿ ಬೀಜದಲ್ಲಿ ದೊಡ್ಡ ಪಾಲು ಆಫ್ರಿಕಾದಿಂದ ಬರುತ್ತದೆ. ಅತ್ತ ವಿಯೆಟ್ನಾಂ ಮೆಷಿನ್‌ನಲ್ಲೇ ಬೀಜ ಒಡೆದು, ಸುಲಿದು ಜಗತ್ತಿಗೆ ಮಾರುತ್ತಿದೆ. ಬೆಲೆ ನಮ್ಮ ಕೈಯಲ್ಲಿಲ್ಲ. 20 ಜನಕ್ಕೆ ಅವರು ಹೇಳಿದ ಲೆಕ್ಕವೇ ಹಿಡಿದರೆ ಈಗಲೇ 27 ಲಕ್ಷ, ಹೊಸ ಲೆಕ್ಕದಲ್ಲಿ 54 ಲಕ್ಷ. ಸಣ್ಣ ಘಟಕ ಇದನ್ನು ಒಮ್ಮೆಗೇ ಎಲ್ಲಿಂದ ತರುತ್ತದೆ? ಬಾಗಿಲು ಹಾಕಿದರೆ ಉಳಿಯಬೇಕಿದ್ದವರ ಕೆಲಸವೂ ಹೋಗುತ್ತದೆ.

ಇನ್ನೊಂದು ಭಯ ಇದೆ. ಅವಧಿ ಗೊತ್ತುಮಾಡಿ ತೆಗೆದುಕೊಂಡವರ ಕರಾರು ಮುಗಿದರೆ ಕಾನೂನು ಅದನ್ನು ‘ಕೆಲಸದಿಂದ ತೆಗೆದದ್ದು’ ಎಂದು ಎಣಿಸುವುದಿಲ್ಲ. ಭಾರ ಜಾಸ್ತಿಯಾದರೆ ಎಲ್ಲರೂ ಆ ದಾರಿಯನ್ನೇ ಹಿಡಿಯುತ್ತಾರೆ. ಆಮೇಲೆ 18 ವರ್ಷ ಸೇವೆ ಮಾಡಿದವರು ಅಂತ ಯಾರೂ ಸಿಗುವುದಿಲ್ಲ.

ಗಡಿಯವರಾದ ನಮಗೆ ಬೀಡಿಯ ಕಥೆ ಗೊತ್ತು. 1966ರ ಬೀಡಿ ಕಾಯ್ದೆ ಒಳ್ಳೆಯದೇ. ಆದರೆ ಅದು ಕೇರಳದಲ್ಲಿ ಜಾರಿಯಾದಾಗ ಮಂಗಳೂರಿನ ಕಂಪನಿ 1968ರಲ್ಲಿ ಇತ್ತ ಕಡೆ ಕೆಲಸ ಕೊಡುವುದನ್ನೇ ನಿಲ್ಲಿಸಿತು. ಸಾವಿರಾರು ಜನ ಬೀದಿಗೆ ಬಿದ್ದರು. ಮರುವರ್ಷ ಸರಕಾರದ ನೆರವಿನಲ್ಲಿ ದಿನೇಶ್ ಬೀಡಿ ಸಹಕಾರಿ ಶುರುವಾಗಿ ಅವರಲ್ಲಿ ಹಲವರನ್ನು ಹಿಡಿದೆತ್ತಿತು. ಈಗ ಅಂಥದ್ದು ಹುಟ್ಟುತ್ತದೆಂದು ನಂಬಿ ಕೂರಲಾಗುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದಲೇ ಪಿಎಫ್ ಹಾಗೆ ತಿಂಗಳು ತಿಂಗಳು ಒಂದಿಷ್ಟು ಪರಿಹಾರ ನಿಧಿಗೆ ಕಟ್ಟಿಸಲಿ. ನಾನು ಕಟ್ಟುತ್ತೇನೆ. ಘಟಕ ಮುಳುಗಿದರೂ ಆ ದುಡ್ಡು ಅವರದ್ದೇ.

ನಮ್ಮಲ್ಲೂ ಬಣ್ಣ ನೋಡಿ ಬೀಜ ವಿಂಗಡಿಸುವ ಮೆಷಿನ್‌ಗೆ ಸಾಲದ ಅರ್ಜಿ ಹಾಕಿದ್ದೇನೆ. ಆ ಮೇಜಿನಲ್ಲಿ ಏಳು ಜನ ಇದ್ದಾರೆ. ಸಾಲ ಸಿಗುವುದೇ ಗೊತ್ತಿಲ್ಲದೆ ಈಗಲೇ ಹೇಳಿದರೆ ಸುಮ್ನೆ ಹೆದರಿ ನಾಲ್ವರು ಬೇರೆ ಕಡೆ ಹೋಗುತ್ತಾರೆ, ಒಪ್ಪಿದ ಮಾಲು ನಿಲ್ಲುತ್ತದೆ. ಮಂಜೂರಾದ ದಿನ ಏಳು ಜನರನ್ನೂ ಕೂರಿಸಿ ನಾನೇ ಹೇಳುತ್ತೇನೆ.